ಎಲೆಕ್ಟ್ರಿಕ್ ಡೆಲಿವರಿ ವ್ಯಾನಿನ ಹಿಂದಿನ ಸ್ವೇ ಬಾರ್ ಬುಷ್ ಬದಲಿಸುವುದು ಹೇಗೆ

ಗಾಡಿ ವಾಲುವುದನ್ನು ತಡೆಯುವ ರಾಡು ಸ್ವೇ ಬಾರ್, ಅದನ್ನು ಹಿಡಿದಿಡುವ ರಬ್ಬರ್ ತುಂಡು ಬುಷ್. ಹಿಂದಿನ ಸ್ವೇ ಬಾರ್ ಬುಷ್ ಬದಲಿಸುವುದು ನೋಡಲು ಸಣ್ಣ ಕೆಲಸ. ಎರಡು ರಬ್ಬರ್ ಬುಷ್, ಎರಡು ಕ್ಲ್ಯಾಂಪ್, ನಾಲ್ಕು ಬೋಲ್ಟ್. ತುಕ್ಕು ಹಿಡಿಯದ ವ್ಯಾನಾದರೆ ಎರಡು ಗಂಟೆಯೊಳಗೆ ಮುಗಿಯುತ್ತದೆ. ಆದರೂ ಹೊಸ ಬುಷ್ ಹಾಕಿಸಿಕೊಂಡು ಹೋದ ವ್ಯಾನು ಅದೇ ಟಕ್‌ಟಕ್ ಸದ್ದಿನೊಂದಿಗೆ ವಾಪಸು ಬರುವುದು ಅಪರೂಪವೇನಲ್ಲ. ಹಾಗಾದಾಗ ಕಾರಣ ಬಹುಮಟ್ಟಿಗೆ ಈ ಮೂರರಲ್ಲಿ ಒಂದಾಗಿರುತ್ತದೆ: ಸದ್ದು ಬುಷ್‌ನದ್ದೇ ಆಗಿರಲಿಲ್ಲ, ಬುಷ್ ಅಳತೆ ಬಾರ್‌ಗೆ ಹೊಂದುತ್ತಿರಲಿಲ್ಲ, ಇಲ್ಲವೇ ಬಾರ್ ತಿರುಚಿಕೊಂಡು ನಿಂತಿದ್ದಾಗಲೇ ಕ್ಲ್ಯಾಂಪ್ ಬಿಗಿದಿದ್ದರು. ಬೋಲ್ಟ್ ಬಿಚ್ಚಿ ಹಾಕಲು ಯಾರಿಗಾದರೂ ಬರುತ್ತದೆ, ತಲೆ ಓಡಿಸಬೇಕಾದದ್ದು ಈ ಮೂರು ಕಡೆ.

ಬಾರ್ ಏನು ಮಾಡುತ್ತದೆ, ಬುಷ್ ಏಕೆ ಸವೆಯುತ್ತದೆ

ಸ್ವೇ ಬಾರ್ ಅಂದರೆ ಅಗಲವಾದ ‘ಯು’ ಆಕಾರಕ್ಕೆ ಬಗ್ಗಿಸಿದ ಸ್ಪ್ರಿಂಗ್ ಸ್ಟೀಲ್ ರಾಡು. ಸ್ಟೆಬಿಲೈಸರ್ ಬಾರ್, ಆಂಟಿ-ರೋಲ್ ಬಾರ್ ಎಂದರೂ ಅದೇ. ನಡುವಿನ ಉದ್ದ ಭಾಗವನ್ನು ಎರಡು ಬುಷ್ ಹಿಡಿದಿರುತ್ತವೆ, ಎರಡು ತುದಿಗಳನ್ನು ಲಿಂಕ್ ಎಂಬ ಗಿಡ್ಡ ಕಡ್ಡಿಗಳು ಹಿಡಿದಿರುತ್ತವೆ. ಎರಡೂ ಚಕ್ರ ಒಟ್ಟಿಗೆ ಮೇಲೆದ್ದರೆ ಬಾರ್ ಬುಷ್‌ನೊಳಗೆ ಸುಮ್ಮನೆ ತಿರುಗುತ್ತದೆ, ಅಷ್ಟೇ. ಒಂದೇ ಚಕ್ರ ಎದ್ದಾಗ ಅದು ತಿರುಚಿಕೊಳ್ಳುತ್ತದೆ, ಆ ತಿರುಚಿನ ಬಲವೇ ಗಾಡಿ ಒಂದು ಕಡೆ ವಾಲುವುದನ್ನು ತಡೆಯುತ್ತದೆ. ಬುಷ್ ಮೇಲೆ ನಿಜವಾದ ಒತ್ತಡ ಬೀಳುವುದು ಆಗಲೇ.

ಡೆಲಿವರಿ ವ್ಯಾನಿಗೆ ದಿನವಿಡೀ ಆಗುವುದೇ ಇದು. ಒಂದು ಚಕ್ರವನ್ನು ಫುಟ್‌ಪಾತ್ ಅಂಚಿಗೆ ಹತ್ತಿಸಿ ನಿಲ್ಲಿಸುತ್ತಾರೆ, ಇಳಿಸುತ್ತಾರೆ, ಗೇಟಿನ ಇಳಿಜಾರನ್ನು ಓರೆಯಾಗಿ ಹತ್ತುತ್ತಾರೆ. ಬೆಳಗ್ಗೆ ತುಂಬಿದ ಗಾಡಿ, ಸಂಜೆ ಖಾಲಿ ಗಾಡಿ. ಚಕ್ರದಿಂದ ಹಾರುವ ಮರಳು, ಕೆಸರು ಬುಷ್ ಮತ್ತು ಬಾರ್ ನಡುವೆ ಸೇರಿದರೆ ಎಮೆರಿ ಕಾಗದದಂತೆ ಎರಡನ್ನೂ ತಿನ್ನುತ್ತದೆ. ಡೀಸೆಲ್ ವ್ಯಾನಿನಲ್ಲಿ ಎಂಜಿನ್ ಸದ್ದಿನಡಿ ಮುಚ್ಚಿಹೋಗುವ ಟಕ್‌ಟಕ್ ಎಲೆಕ್ಟ್ರಿಕ್ ವ್ಯಾನಿನಲ್ಲಿ ಮೊದಲ ದಿನವೇ ಕಿವಿಗೆ ಬೀಳುತ್ತದೆ. ಹಾಗಾಗಿ ಚಾಲಕ ದೂರು ತಂದಾಕ್ಷಣ ಬುಷ್ ಪೂರ್ತಿ ಹೋಗಿದೆ ಎಂದುಕೊಳ್ಳಬೇಕಿಲ್ಲ.

ಬಾರ್ ಕೂರಿಸುವ ರೀತಿ ಎರಡು. ಕೆಲವು ವ್ಯಾನುಗಳಲ್ಲಿ ಬುಷ್ ಮತ್ತು ಕ್ಲ್ಯಾಂಪ್ ಆಕ್ಸಲ್ ಮೇಲಿರುತ್ತವೆ, ಲಿಂಕ್‌ಗಳು ಮೇಲೆ ಚಾಸಿಗೆ ಹೋಗುತ್ತವೆ. ಇನ್ನು ಕೆಲವುಗಳಲ್ಲಿ ಬುಷ್‌ಗಳು ಚಾಸಿ ಅಥವಾ ಸಬ್‌ಫ್ರೇಮ್‌ಗೆ, ಲಿಂಕ್‌ಗಳು ಕೆಳಗೆ ಸಸ್ಪೆನ್ಷನ್ ತೋಳಿಗೆ. ಒಂದೇ ಹೆಸರಿನ ವ್ಯಾನಿನ ಡೀಸೆಲ್ ಮತ್ತು ಎಲೆಕ್ಟ್ರಿಕ್ ಮಾದರಿಗಳ ಹಿಂಭಾಗ ಒಂದೇ ಎಂದು ಭಾವಿಸಬೇಡಿ. ಹಿಂದಿನ ಚಕ್ರ ಚಾಲನೆಯ ಡೀಸೆಲ್ ಫೋರ್ಡ್ ಟ್ರಾನ್ಸಿಟ್‌ನಲ್ಲಿ ಲೀಫ್ ಸ್ಪ್ರಿಂಗ್ ಮೇಲೆ ಕೂತ ಗಟ್ಟಿ ಆಕ್ಸಲ್ ಇದೆ, ಇ-ಟ್ರಾನ್ಸಿಟ್‌ನಲ್ಲಿ ಮೋಟಾರಿಗೆ ಜಾಗ ಮಾಡಲು ಸ್ವತಂತ್ರ ಸಸ್ಪೆನ್ಷನ್ ಇದೆ. ಬಿಡಿಭಾಗ ತರಿಸುವಾಗ ಮಾದರಿಯ ಹೆಸರು ಹೇಳಿದರೆ ಸಾಲದು, ಚಾಸಿ ನಂಬರ್ ಕೊಡಬೇಕು.

ಸದ್ದು ನಿಜಕ್ಕೂ ಬುಷ್‌ನದ್ದೇ?

ಮೊದಲು ವ್ಯಾನಿನ ಹಿಂಭಾಗ ಪೂರ್ತಿ ಖಾಲಿ ಮಾಡಿ ಒಂದು ಸುತ್ತು ಓಡಿಸಿ. ತಮಾಷೆಯ ಮಾತಲ್ಲ ಇದು. ಸಡಿಲವಾದ ಶೆಲ್ಫ್, ಗೋಡೆಗೆ ಒರಗಿಸಿದ ಕೈಗಾಡಿ, ಹಿಂದಿನ ಬಾಗಿಲಿನ ಚಿಲಕ, ಒಂದು ಕ್ಲಿಪ್ ಕಳಚಿದ ಅಡಿಯ ಪ್ಲಾಸ್ಟಿಕ್ ಕವರ್, ಇವೆಲ್ಲ ಸಸ್ಪೆನ್ಷನ್ ಸದ್ದಿನಂತೆಯೇ ಕೇಳುತ್ತವೆ. ಖಾಲಿ ಲೋಹದ ಡಬ್ಬದಂಥ ಬಾಡಿಯೊಳಗೆ ಸದ್ದು ಎಲ್ಲಿಂದ ಬಂತೆಂದು ಕಿವಿಗೆ ತಿಳಿಯುವುದೂ ಇಲ್ಲ.

ಖಾಲಿ ಮಾಡಿದ ಮೇಲೂ ಸದ್ದಿದ್ದರೆ ಅದರ ಬಗೆ ಗಮನಿಸಿ. ಒಂದು ಚಕ್ರ ಮಾತ್ರ ಗುಂಡಿಗೆ ಇಳಿದಾಗ ಟಕ್ ಎಂದು, ಎರಡೂ ಚಕ್ರ ಒಟ್ಟಿಗೆ ಹಂಪ್ ದಾಟುವಾಗ ಸದ್ದಿಲ್ಲದಿದ್ದರೆ ಸ್ವೇ ಬಾರ್ ಬುಷ್ ಅಥವಾ ಲಿಂಕ್ ಮೇಲೆ ಅನುಮಾನ. ಎರಡೂ ಸಂದರ್ಭದಲ್ಲಿ ಸದ್ದು ಬಂದರೆ ಶಾಕ್ ಅಬ್ಸಾರ್ಬರ್‌ನ ಬುಷ್ ಅಥವಾ ಸ್ಪ್ರಿಂಗ್ ಕಡೆ ನೋಡಿ. ಚಳಿಯ ಬೆಳಗಿನಲ್ಲಿ ಕಿರ್ರ್ ಎಂದು ಕಿರುಚಿ ಗಾಡಿ ಓಡಿದ ಮೇಲೆ ನಿಲ್ಲುವುದು ಒಣಗಿದ, ಗಟ್ಟಿಯಾದ ರಬ್ಬರ್‌ನ ಲಕ್ಷಣ. ಬುಷ್ ಮೇಲೆ ಬರಿ ನೀರು ಚಿಮುಕಿಸಿ ವ್ಯಾನನ್ನು ಪಕ್ಕಕ್ಕೆ ಅಲುಗಾಡಿಸಿ. ಕಿರುಚು ನೀರು ಇರುವಷ್ಟು ಹೊತ್ತು ನಿಂತು ಮತ್ತೆ ಬಂದರೆ ಮೂಲ ಸಿಕ್ಕಿತು. ಈ ಪರೀಕ್ಷೆಗೆ ತುಕ್ಕು ಬಿಡಿಸುವ ಸ್ಪ್ರೇ ಬಳಸಬೇಡಿ, ಪೆಟ್ರೋಲಿಯಂ ಎಣ್ಣೆ ತಾಗಿದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಇವತ್ತು ನಿಂತ ಸದ್ದು ಮುಂದೆ ಟಕ್‌ಟಕ್ ಆಗಿ ಬರಬಹುದು.

ಕಣ್ಣಿಗೆ ಕಾಣುವ ಗುರುತುಗಳು: ಬುಷ್‌ನ ಸೀಳು ಬಾಯಿಬಿಟ್ಟಿರುವುದು, ರಬ್ಬರ್ ಕ್ಲ್ಯಾಂಪ್‌ನಿಂದ ಒಂದು ಪಕ್ಕಕ್ಕೆ ಉಬ್ಬಿ ಹೊರಬಂದಿರುವುದು, ಕ್ಲ್ಯಾಂಪ್ ಸುತ್ತ ಕಪ್ಪು ಪುಡಿ, ಬುಷ್ ಪಕ್ಕದಲ್ಲಿ ಬಾರ್ ಬಣ್ಣ ಕಳೆದು ಕನ್ನಡಿಯಂತೆ ಹೊಳೆಯುವ ಉಂಗುರ. ಆ ಉಂಗುರ ಒಂದೇ ಕಡೆ ಅಗಲವಾಗಿದ್ದರೆ ಬಾರ್ ಪಕ್ಕಕ್ಕೆ ಸರಿದಾಡಿದೆ ಎಂದರ್ಥ.

ಕೈಯಿಂದ ಪರೀಕ್ಷಿಸಲು ವ್ಯಾನ್ ಗ್ಯಾರೇಜಿನ ತಪಾಸಣೆ ಗುಂಡಿಯ ಮೇಲೆ ಅಥವಾ ನಾಲ್ಕು ಕಂಬದ ಲಿಫ್ಟ್ ಮೇಲೆ, ಚಕ್ರಗಳ ಮೇಲೆ ಭಾರವಿಟ್ಟು ನಿಂತಿರಲಿ. ಬಾರ್‌ಗೂ ಕ್ಲ್ಯಾಂಪ್ ಕೂತ ಚಾಸಿಗೂ ನಡುವೆ ಚಿಕ್ಕ ಟಾಮಿ (ಮೀಟುವ ಕಬ್ಬಿಣದ ಸಲಾಕೆ) ಇಟ್ಟು ಹಗುರವಾಗಿ ಮೀಟಿ. ಒಳ್ಳೆಯ ಬುಷ್ ಸ್ವಲ್ಪ ಒಳಗೆ ಹೋಗಿ ಸದ್ದಿಲ್ಲದೆ ಹಿಂದಿರುಗುತ್ತದೆ. ಸವೆದದ್ದರಲ್ಲಿ ಬಾರ್ ಮತ್ತು ರಬ್ಬರ್ ನಡುವೆ ಸಂದು ತೆರೆದು, ಬಿಟ್ಟಾಗ ಟಕ್ ಎನ್ನುತ್ತದೆ. ನಂತರ ಒಬ್ಬರು ವ್ಯಾನನ್ನು ಪಕ್ಕಕ್ಕೆ ತಳ್ಳಿ ತೂಗಾಡಿಸುತ್ತಿರಲಿ, ಇನ್ನೊಬ್ಬರು ಕ್ಲ್ಯಾಂಪ್ ಮೇಲೆ, ಆಮೇಲೆ ಲಿಂಕ್‌ನ ಬಾಲ್ ಜಾಯಿಂಟ್ (ಗುಂಡಿನ ಕೀಲು) ಮೇಲೆ ಬೆರಳಿಟ್ಟು ನೋಡಲಿ. ಹೊಡೆತ ಎಲ್ಲಿ ಹುಟ್ಟುತ್ತದೋ ಅಲ್ಲಿ ಬೆರಳಿಗೆ ಚುರುಕಾಗಿ ತಟ್ಟುತ್ತದೆ. ಬೆರಳು ಸಂದಿಗೆ ಸಿಗದಂತೆ ಎಚ್ಚರ.

ಟಕ್‌ಟಕ್ ಸದ್ದಿನಲ್ಲಿ ಬುಷ್‌ಗಿಂತ ಲಿಂಕ್ ತಪ್ಪಿತಸ್ಥನಾಗುವುದೇ ಹೆಚ್ಚು. ಲಿಂಕ್‌ನ ರಬ್ಬರ್ ಟೋಪಿ ಹರಿದಿದ್ದರೆ, ಒಳಗೆ ನೀರು ಹೋಗಿ ಬಾಲ್ ಸಡಿಲಾಗಿದ್ದರೆ ಬುಷ್ ಬದಲಿಸಿ ಪ್ರಯೋಜನವಿಲ್ಲ, ಅದನ್ನೂ ಬದಲಿಸಿ. ಇನ್ನೂ ಗೊಂದಲವಿದ್ದರೆ ಕೊನೆಯ ಪರೀಕ್ಷೆಯೊಂದಿದೆ: ಎರಡೂ ಲಿಂಕ್‌ಗಳ ಒಂದು ತುದಿ ಬಿಚ್ಚಿ, ಯಾವುದಕ್ಕೂ ತಾಗದಂತೆ ಕಟ್ಟಿ, ಖಾಲಿ ವ್ಯಾನನ್ನು ಅಂಗಳದೊಳಗೆ ನಡಿಗೆಯ ವೇಗದಲ್ಲಿ ಒಂದು ಚಕ್ರದ ಉಬ್ಬಿನ ಮೇಲೆ ಹಾಯಿಸುವುದು. ಸದ್ದು ಮಾಯವಾದರೆ ಅದು ಬಾರ್, ಬುಷ್ ಅಥವಾ ಲಿಂಕ್‌ನದ್ದು. ಉಳಿದರೆ ಬೇರೆಲ್ಲೋ ಹುಡುಕಿ. ಲಿಂಕ್ ಬಿಚ್ಚಿದ ಗಾಡಿಯನ್ನು ರಸ್ತೆಗೆ ಒಯ್ಯಬಾರದು, ತಿರುವಿನಲ್ಲಿ ಅದು ವಾಲುವ ರೀತಿಯೇ ಬೇರೆ.

ಬುಷ್ ತರಿಸುವ ಮುನ್ನ ಅಳತೆ

ಬುಷ್ ಕೆಲಸ ಮಾಡುವುದು ಹಿಡಿತದಿಂದ. ಬಾರ್ ಸುತ್ತ ರಬ್ಬರ್ ಒತ್ತಿ ಹಿಡಿದಿರಬೇಕು, ಕ್ಲ್ಯಾಂಪ್ ಆ ರಬ್ಬರ್ ಅನ್ನು ಇನ್ನಷ್ಟು ಅದುಮಿರಬೇಕು. ಅರ್ಧ ಮಿಲಿಮೀಟರ್ ದೊಡ್ಡದಾದ ರಂಧ್ರ ಸಾಕು, ಆ ಹಿಡಿತ ಹೋಗುತ್ತದೆ.

ಒಂದೇ ವ್ಯಾನಿಗೆ ಹೊರುವ ಭಾರಕ್ಕೆ ತಕ್ಕಂತೆ ಬೇರೆ ಬೇರೆ ದಪ್ಪದ ಬಾರ್ ಬರಬಹುದು. ಬಾರ್‌ನ ಗಡಸುತನ, ಅಂದರೆ ತಿರುಚಿಗೆ ಅದು ಒಡ್ಡುವ ತಡೆ, ಅದರ ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ, 22 ಮಿ.ಮೀ. ಬದಲು 24 ಮಿ.ಮೀ. ಹಾಕಿದರೆ ಸುಮಾರು 40 ಪ್ರತಿಶತ ಹೆಚ್ಚು ಗಡಸು. ಆದ್ದರಿಂದಲೇ ಕಣ್ಣಳತೆಗೆ ಒಂದೇ ಎನಿಸುವ ಬಾರ್‌ಗಳು ನಿಜಕ್ಕೂ ಬೇರೆಯಾಗಿರುತ್ತವೆ. ಬುಷ್ ಪಕ್ಕದಲ್ಲಿ ಬಾರ್ ಮೇಲಿನ ತುಕ್ಕು, ಸಿಪ್ಪೆ ಎದ್ದ ಬಣ್ಣ ಕೆರೆದು ವರ್ನಿಯರ್‌ನಿಂದ ಎರಡು ದಿಕ್ಕಿನಲ್ಲಿ ಅಳೆಯಿರಿ. ಹಳೆಯ ಬುಷ್‌ನ ರಂಧ್ರ ಅಳೆದು ಹೊಸದು ತರಿಸಬಾರದು, ಸವೆದ ರಂಧ್ರ ಸುಳ್ಳು ಹೇಳುತ್ತದೆ. ಮೂಲ ರಬ್ಬರ್ ಬುಷ್‌ನ ರಂಧ್ರ ಸಾಮಾನ್ಯವಾಗಿ ಬಾರ್‌ಗಿಂತ ಕೊಂಚ ಕಿರಿದಾಗಿಯೇ ಇರುತ್ತದೆ, ಕೈಗೆ ಬಂದಾಗ ಅದನ್ನು ತಪ್ಪು ಅಳತೆ ಎಂದುಕೊಳ್ಳಬೇಡಿ.

ಬುಷ್ ಬಾರ್‌ಗೆ ಅಂಟಿಕೊಂಡ ಬಗೆಯದೇ ಎಂಬುದನ್ನೂ ನೋಡಿ. ಸೀಳು ಇಲ್ಲದೆ, ಬಾರ್ ಮೇಲೆಯೇ ಎರಕ ಹೊಯ್ದಂತೆ ಕೂತಿದ್ದರೆ ಅದು ಜಾರುವ ಬುಷ್ ಅಲ್ಲ. ಬಾರ್ ತಿರುಗಿದಾಗ ರಬ್ಬರೇ ತಿರುಚಿಕೊಂಡು ಕೆಲಸ ಮಾಡುತ್ತದೆ. ಅಂಥದ್ದನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದು ಸೀಳಿನ ಬುಷ್ ಹಾಕಿದರೆ ನಿಲ್ಲುವುದಿಲ್ಲ. ತಯಾರಕರು ಅದಕ್ಕೆಂದೇ ಬುಷ್ ಕೊಟ್ಟಿರದಿದ್ದರೆ ಪೂರ್ತಿ ಬಾರ್ ಬದಲಿಸಬೇಕು.

ರಬ್ಬರ್ ಬದಲು ಪಾಲಿಯುರೆಥೇನ್ ಬುಷ್ ಹಾಕುವ ಆಸೆ ಕೆಲವರಿಗೆ. ಅದು ಹೆಚ್ಚು ಕಾಲ ಬಾಳಬಹುದು, ಆದರೆ ಗಟ್ಟಿ. ಒಣಗಿದರೆ ಕಿರುಚುತ್ತದೆ, ಆಗಾಗ ಗ್ರೀಸ್ ಕೇಳುತ್ತದೆ. ದಿನವಿಡೀ ದುಡಿಯುವ, ಯಾರೂ ಅಡಿಗೆ ಬಗ್ಗಿ ನೋಡದ ವ್ಯಾನಿಗೆ ಮೂಲ ರಬ್ಬರ್ ಬುಷ್ಷೇ ಸರಿ.

ತರಿಸಬೇಕಾದದ್ದು: ಬುಷ್ 2 (ಯಾವತ್ತೂ ಜೋಡಿ), ಕ್ಲ್ಯಾಂಪ್ ಬೋಲ್ಟ್ 4, ಲಿಂಕ್ ಬಿಚ್ಚುವುದಾದರೆ ಹೊಸ ನೈಲಾಕ್ ನಟ್ (ಸಡಿಲವಾಗದಂತೆ ಒಳಗೆ ನೈಲಾನ್ ಉಂಗುರವಿರುವ ನಟ್) 2 ಅಥವಾ 4. ಕ್ಲ್ಯಾಂಪ್ ತುಕ್ಕಿನಿಂದ ತೆಳುವಾಗಿದ್ದರೆ ಅಥವಾ ಅದರ ಕಾಲು ಬಾಗಿದ್ದರೆ ಅದನ್ನೂ. ಕಾರ್ಖಾನೆಯಿಂದ ಥ್ರೆಡ್‌ಗೆ ಅಂಟು ಹಚ್ಚಿ ಬಂದ ಬೋಲ್ಟ್, ಟಾರ್ಕ್ (ಅಳತೆಗೊಪ್ಪಿಸಿದ ತಿರುಗಿಸುವ ಬಲ) ಕೊಟ್ಟ ಮೇಲೆ ಇಂತಿಷ್ಟು ಡಿಗ್ರಿ ತಿರುಗಿಸಿ ಎಂದು ಮ್ಯಾನುಯಲ್ ಹೇಳುವ ಬೋಲ್ಟ್, ಇವೆರಡೂ ಒಂದೇ ಬಳಕೆಗೆ.

ಉಪಕರಣಗಳ ಪಟ್ಟಿ ದೊಡ್ಡದಲ್ಲ: 10ರಿಂದ 18 ಮಿ.ಮೀ.ವರೆಗಿನ ಸಾಕೆಟ್, ಉದ್ದ ಹಿಡಿ, ಎಕ್ಸ್‌ಟೆನ್ಷನ್, ಬಾಲ್ ಜಾಯಿಂಟ್ ಹಿಡಿಯಲು ಆಲನ್ ಅಥವಾ ಟಾರ್ಕ್ಸ್ ಕೀ, ಟಾರ್ಕ್ ರೆಂಚ್, ವೈರ್ ಬ್ರಷ್, ಎಮೆರಿ ಪೇಪರ್, ಟಾಮಿ, ಪೇಂಟ್ ಪೆನ್, ಸೋಪಿನ ನೀರು, ಕಣ್ಣಿಗೆ ಕನ್ನಡಕ. ತಲೆ ಮೇಲೆತ್ತಿ ಕೆರೆಯುವ ಕೆಲಸವಾದ್ದರಿಂದ ಕನ್ನಡಕ ಬಿಡಬಾರದು.

ಬ್ಯಾಟರಿ ಗಾಡಿ ಎಂಬ ಎಚ್ಚರ

ಈ ಕೆಲಸದಲ್ಲಿ ಹೈ ವೋಲ್ಟೇಜ್ ಭಾಗ ಯಾವುದನ್ನೂ ಬಿಚ್ಚಬೇಕಾಗಿಲ್ಲ. ಆದರೆ ಅದರ ಪಕ್ಕದಲ್ಲೇ ಕೈ ಆಡಿಸುತ್ತೀರಿ. 60 ವೋಲ್ಟ್ ಡಿಸಿ ಮೀರಿದ್ದೆಲ್ಲ ವಾಹನ ನಿಯಮಗಳಲ್ಲಿ ಹೈ ವೋಲ್ಟೇಜ್, ಇಂಥ ವ್ಯಾನುಗಳಲ್ಲಿ ಹೆಚ್ಚಿನವು 400 ವೋಲ್ಟ್ ಆಸುಪಾಸಿನವು. ಕಿತ್ತಳೆ ಬಣ್ಣದ ಕೇಬಲ್ ಕಂಡಲ್ಲಿ ಟಾಮಿ ಊರಬೇಡಿ, ದೀಪ ನೇತುಹಾಕಬೇಡಿ, ಅದರ ಕ್ಲಿಪ್ ಕಳಚಬೇಡಿ. ಕ್ಲ್ಯಾಂಪ್ ತಲುಪಲು ಕಿತ್ತಳೆ ಕೇಬಲ್ ಸರಿಸಲೇಬೇಕು ಎನ್ನುವಂಥ ವಿನ್ಯಾಸವಾದರೆ ಅದು ಹೈ ವೋಲ್ಟೇಜ್ ತರಬೇತಿ ಪಡೆದವರ ಕೆಲಸ, ಅಲ್ಲಿಗೆ ನಿಲ್ಲಿಸಿ.

ಚಾರ್ಜರ್ ಕೇಬಲ್ ಕಿತ್ತಿಡಿ. ಗಾಡಿ ಆಫ್ ಮಾಡಿ ಕೀಲಿಯನ್ನು ಗಾಡಿಯಿಂದ ದೂರ ಒಯ್ಯಿರಿ, ಏಕೆಂದರೆ ‘ರೆಡಿ’ ಸ್ಥಿತಿಯಲ್ಲಿರುವ ಎಲೆಕ್ಟ್ರಿಕ್ ವ್ಯಾನ್ ಸತ್ತಂತೆ ಸುಮ್ಮನಿರುತ್ತದೆ, ಗೇರಿನಲ್ಲಿದ್ದು ಪೆಡಲ್ ತಾಗಿದರೆ ಹೊರಡುತ್ತದೆ. ಮೊಬೈಲ್‌ನಿಂದಲೋ ಕಚೇರಿಯಿಂದಲೋ ನಿಗದಿಪಡಿಸಿದ ಚಾರ್ಜಿಂಗ್, ಕ್ಯಾಬಿನ್ ಬಿಸಿ ಮಾಡುವ ವ್ಯವಸ್ಥೆ ಇದ್ದರೆ ರದ್ದು ಮಾಡಿ; ಗಾಡಿ ಆಫ್ ಇದ್ದರೂ ಅವು ಹೈ ವೋಲ್ಟೇಜ್ ಅನ್ನು ಎಬ್ಬಿಸಬಲ್ಲವು.

ಇನ್ನೊಂದು ದೊಡ್ಡ ವ್ಯತ್ಯಾಸ ಬೆಂಕಿ. ಹಠ ಹಿಡಿದ ಬೋಲ್ಟ್‌ಗೆ ಗ್ಯಾಸ್ ಟಾರ್ಚ್ ಹಿಡಿಯುವುದು, ಗ್ರೈಂಡರ್‌ನಲ್ಲಿ ತಲೆ ಕತ್ತರಿಸುವುದು ಡೀಸೆಲ್ ಗಾಡಿಯಲ್ಲಿ ರೂಢಿ. ಇಲ್ಲಿ ಬ್ಯಾಟರಿ ಪೆಟ್ಟಿಗೆ, ಕೂಲಂಟ್ ಪೈಪ್, ಕೇಬಲ್ ಎಲ್ಲ ಕೈಯಳತೆಯಲ್ಲಿವೆ. ಟಾರ್ಚ್ ಮತ್ತು ಗ್ರೈಂಡರ್ ಎರಡನ್ನೂ ದೂರವಿಡಿ.

ಎತ್ತುವುದು, ಬಾರ್ ಸಮಸ್ಥಿತಿಗೆ ತರುವುದು

ಸಮತಟ್ಟಾದ ಗಟ್ಟಿ ನೆಲ, ಖಾಲಿ ವ್ಯಾನು, ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಅಡೆ. ಪಾರ್ಕಿಂಗ್ ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರ ಹಿಡಿಯುವಂಥದ್ದು. ಹಿಂದಿನ ಚಕ್ರ ನೆಲ ಬಿಟ್ಟಮೇಲೆ, ಹಿಂದಿನ ಚಕ್ರ ಚಾಲನೆಯ ವ್ಯಾನಿನಲ್ಲಿ ‘ಪಿ’ ಗೇರ್ ಕೂಡ, ಗಾಡಿಯನ್ನು ಹಿಡಿಯುವುದಿಲ್ಲ. ಆಗ ಉಳಿಯುವುದು ಅಡೆಗಳೇ.

ಸಾಧ್ಯವಿದ್ದರೆ ಎತ್ತಲೇಬೇಡಿ. ಗುಂಡಿ ಅಥವಾ ನಾಲ್ಕು ಕಂಬದ ಲಿಫ್ಟ್ ಇದ್ದರೆ ಚಕ್ರಗಳ ಮೇಲೆ ಭಾರವಿದ್ದ ಹಾಗೆಯೇ ಕೆಲಸ ಮಾಡಬಹುದು. ಎರಡು ಚಕ್ರವೂ ಒಂದೇ ಎತ್ತರದಲ್ಲಿರುವುದರಿಂದ ಬಾರ್‌ನಲ್ಲಿ ತಿರುಚು ಇರುವುದಿಲ್ಲ. ಜ್ಯಾಕ್ ಮಾಡುವುದಾದರೆ ತಯಾರಕರು ತೋರಿಸಿದ ಜಾಗಕ್ಕೆ ಮಾತ್ರ. ಬ್ಯಾಟರಿ ಪೆಟ್ಟಿಗೆಯ ತಳ, ಮೋಟಾರ್ ಕವಚ, ಸ್ವೇ ಬಾರ್ ಇವು ಯಾವುವೂ ಜ್ಯಾಕ್ ಇಡುವ ಜಾಗವಲ್ಲ. ಬ್ಯಾಟರಿ ತಳ ನೋಡಲು ದಪ್ಪ ತಗಡಿನಂತಿದ್ದರೂ ಅಲ್ಲಿ ಬಿದ್ದ ಒಂದು ತಗ್ಗು ಬ್ಯಾಟರಿಯನ್ನೇ ಬದಲಿಸುವಂತೆ ಮಾಡಬಹುದು. ಎರಡು ಕಂಬದ ಲಿಫ್ಟ್‌ನಲ್ಲಿ ತೋಳುಗಳ ತುದಿ ಪೆಟ್ಟಿಗೆಯ ಅಂಚಿಗೆ ತಾಗುವುದಿಲ್ಲವೆಂದು ಬಗ್ಗಿ ನೋಡಿಯೇ ಎತ್ತಿ. ಜ್ಯಾಕ್ ಬರಿ ಎತ್ತುವುದಕ್ಕೆ, ಅಡಿಗೆ ಹೋಗುವ ಮುನ್ನ ಎರಡೂ ಬದಿ ಸ್ಟ್ಯಾಂಡ್ ಇರಲೇಬೇಕು. ಏರ್ ಸಸ್ಪೆನ್ಷನ್ ಇದ್ದರೆ ಅದನ್ನು ಜ್ಯಾಕ್ ಮೋಡ್‌ಗೆ ಹಾಕಿ, ಇಲ್ಲದಿದ್ದರೆ ಗಾಡಿ ತಾನೇ ಮಟ್ಟ ಸರಿಪಡಿಸಲು ಹೋಗಿ ಕೆಳಗಿದ್ದವರ ಮೇಲೆ ಇಳಿಯಬಹುದು.

ಎಲ್ಲಕ್ಕಿಂತ ಮುಖ್ಯ, ಒಂದೇ ಚಕ್ರ ಎತ್ತಿ ಈ ಕೆಲಸಕ್ಕೆ ಕೈ ಹಾಕಬೇಡಿ. ಆಗ ಬಾರ್ ಬಿಗಿದ ಸ್ಪ್ರಿಂಗ್. ಕೊನೆಯ ಬೋಲ್ಟ್ ಕಳಚಿದಾಗ ಕ್ಲ್ಯಾಂಪ್ ಚಿಮ್ಮುತ್ತದೆ, ಬೆರಳು ಹೋಗುತ್ತದೆ. ಹಾಗೆ ಬಿಗಿದ ಹೊಸ ಬುಷ್ ಒಂದು ಬದಿ ಅದುಮಿ ಒಂದು ಬದಿ ಸಡಿಲ ಕೂರುತ್ತದೆ. ಎರಡೂ ಚಕ್ರ ನೆಲದ ಮೇಲೆ, ಇಲ್ಲವೇ ಎರಡೂ ಒಂದೇ ಮಟ್ಟದಲ್ಲಿ ನೇತಾಡುತ್ತಿರಬೇಕು. ಸರಿಯಾಗಿದೆಯೇ ಎಂದು ತಿಳಿಯಲು ಒಂದು ಲಿಂಕ್‌ನ ನಟ್ ತೆಗೆದು ಅದರ ಬೋಲ್ಟ್ ಕೈಯಿಂದ ಅಲುಗುತ್ತದೆಯೇ ನೋಡಿ: ಬೋಲ್ಟ್ ತಡೆಯಿಲ್ಲದೆ ಹೊರಬಂದರೆ ಬಾರ್‌ನಲ್ಲಿ ತಿರುಚಿಲ್ಲ.

ಬಿಚ್ಚುವುದು

ಮೊದಲು ಫೋಟೋ ತೆಗೆಯಿರಿ. ಬುಷ್‌ನ ಸೀಳು ಮುಂದಕ್ಕಿದೆಯೋ ಹಿಂದಕ್ಕೋ, ಕ್ಲ್ಯಾಂಪ್ ಯಾವ ಕಡೆ ತಿರುಗಿದೆ, ಎಬಿಎಸ್ ವೈರ್ ಅಥವಾ ಬ್ರೇಕ್ ಪೈಪಿನ ಹಿಡಿಕೆ ಅದೇ ಬೋಲ್ಟ್‌ಗೆ ಸೇರಿದೆಯೇ, ಎಲ್ಲ ಕಾಣುವಂತೆ. ಬಾರ್ ಮೇಲೆ ಎರಡೂ ಬುಷ್‌ಗಳ ಒಳ ಅಂಚಿಗೆ ಪೇಂಟ್ ಪೆನ್ನಿನ ಗೆರೆ ಎಳೆಯಿರಿ. ಬಾರ್ ತುದಿಯಿಂದ ಚಾಸಿಗೆ ಇರುವ ಅಂತರವನ್ನು ಎರಡೂ ಬದಿ ಅಳೆದು ಬರೆದಿಡಿ. ಅಂತರ ಸಮವಿಲ್ಲದಿದ್ದರೆ ಬಾರ್ ಮೊದಲೇ ಪಕ್ಕಕ್ಕೆ ಸರಿದಿದೆ, ಹೊಸ ಬುಷ್ ಹಾಕುವಾಗ ನಡುವಿಗೆ ತರಬೇಕು.

ಬೋಲ್ಟ್‌ಗಳ ಥ್ರೆಡ್‌ಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಕಾಲು ಗಂಟೆ ಕಾಯಿರಿ. ಹಳೆಯ ಬುಷ್‌ಗೆ ಹೇಗೂ ಎಣ್ಣೆ ತಾಗಬಹುದು, ಹೊಸದು ಬರುವ ಮೊದಲು ಪೂರ್ತಿ ಒರೆಸಿದರಾಯಿತು. ಬೋಲ್ಟ್ ಅಲುಗದಿದ್ದರೆ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಬಿಚ್ಚಿ. ಅರ್ಧ ಸುತ್ತು ಹಿಂದೆ, ಕಾಲು ಸುತ್ತು ಮುಂದೆ, ಮತ್ತೆ ಎಣ್ಣೆ. ಇಂಪ್ಯಾಕ್ಟ್ ಗನ್ ಬೇಡ. ಈ ಬೋಲ್ಟ್‌ಗಳು ಹಲವು ಗಾಡಿಗಳಲ್ಲಿ ಚಾಸಿಯೊಳಗೆ ವೆಲ್ಡ್ ಮಾಡಿದ ನಟ್‌ಗೆ ಹೋಗುತ್ತವೆ. ಆ ವೆಲ್ಡ್ ಕಿತ್ತುಬಂದರೆ ನಟ್ ಒಳಗೆ ಗಿರಗಿರ ತಿರುಗುತ್ತದೆ, ಎರಡು ಗಂಟೆಯ ಕೆಲಸ ಎರಡು ದಿನದ್ದಾಗುತ್ತದೆ. ಬೋಲ್ಟ್ ತುಂಡಾಗಿ ಒಳಗೆ ಉಳಿದರೆ ಡ್ರಿಲ್ ಹಿಡಿಯುವ ಮುನ್ನ ಆ ತೂತಿನ ಹಿಂದೆ ಏನಿದೆ ಎಂದು ಖಚಿತಪಡಿಸಿಕೊಳ್ಳಿ. ಬ್ಯಾಟರಿಯೋ ವೈರಿಂಗೋ ಇದ್ದರೆ ಡ್ರಿಲ್ ಬಿಟ್‌ಗೆ ಟೇಪ್ ಸುತ್ತಿ ಆಳ ಮಿತಿಗೊಳಿಸುವುದು ಕೂಡ ಸಾಕಾಗದು.

ಹೆಚ್ಚಿನ ವ್ಯಾನುಗಳಲ್ಲಿ ಲಿಂಕ್ ಬಿಚ್ಚದೆಯೇ ಕ್ಲ್ಯಾಂಪ್ ತೆಗೆಯಬಹುದು. ಆದರೆ ಲಿಂಕ್‌ಗಳ ಒಂದು ತುದಿ ಬಿಚ್ಚಿಕೊಂಡರೆ ಬಾರ್ ಇಳಿಬಿಟ್ಟು ಶುಚಿ ಮಾಡುವುದು, ನಡುವಿಗೆ ತರುವುದು ಎಷ್ಟೋ ಸುಲಭ. ಲಿಂಕ್‌ನ ನಟ್ ಬಿಚ್ಚುವಾಗ ಬಾಲ್ ಜಾಯಿಂಟ್‌ನ ನಡುವಿನ ಕಡ್ಡಿಯನ್ನು ಆಲನ್ ಅಥವಾ ಟಾರ್ಕ್ಸ್ ಕೀಯಿಂದ ಹಿಡಿಯಬೇಕು. ಹಿಡಿಯದಿದ್ದರೆ ಬಾಲ್ ಜೊತೆಗೇ ತಿರುಗಿ ರಬ್ಬರ್ ಟೋಪಿ ಹರಿಯುತ್ತದೆ. ಗಾಡಿಯ ಎತ್ತರ ಅಳೆಯುವ ಸೆನ್ಸರಿನ ಚಿಕ್ಕ ಕಡ್ಡಿ ಬಾರ್ ಹತ್ತಿರ ಇದ್ದರೆ ಅದಕ್ಕೆ ತಾಗಿಸಬೇಡಿ, ಬಾಗಿದರೆ ಹೆಡ್‌ಲೈಟ್ ಮಟ್ಟ ತಪ್ಪುತ್ತದೆ.

ಎರಡೂ ಕ್ಲ್ಯಾಂಪ್‌ಗಳ ಬೋಲ್ಟ್‌ಗಳನ್ನು ಸರದಿಯಲ್ಲಿ ಸಡಿಲಿಸಿ. ಒಂದನ್ನು ಪೂರ್ತಿ ತೆಗೆದು ಇನ್ನೊಂದು ಬಿಗಿಯಾಗಿಯೇ ಇದ್ದರೆ ಬಾರ್‌ನ ಭಾರವೆಲ್ಲ ಆ ಒಂದರ ಮೇಲೆ ಬೀಳುತ್ತದೆ. ಕ್ಲ್ಯಾಂಪ್ ಕೈಗೆ ಬಂದ ಮೇಲೆ ಸೀಳು ಬಿಡಿಸಿ ಬುಷ್ ಎಳೆದರೆ ಹೊರಬರುತ್ತದೆ.

ಬಾರ್ ಮೈ ಶುಚಿ

ಬಹಳ ಜನ ಹಾರಿಸುವ ಹಂತ. ಬುಷ್ ಕೂರುವ ಜಾಗದಲ್ಲಿ ತುಕ್ಕನ್ನು ವೈರ್ ಬ್ರಷ್‌ನಿಂದ ಉಜ್ಜಿ, ನಂತರ 240ರಿಂದ 320 ನಂಬರಿನ ಎಮೆರಿ ಪೇಪರ್ ಸುತ್ತಿ ನಯ ಮಾಡಿ. ಬೆರಳು ಸವರಿದರೆ ಉಗುರಿಗೆ ಗುಂಡಿ ತಾಗಬಾರದು. ಕ್ಲ್ಯಾಂಪ್ ಒಳಭಾಗ, ಅದು ಕೂರುವ ಚಾಸಿಯ ಮೈ ಎರಡರಲ್ಲೂ ಒಣಗಿದ ಕೆಸರಿನ ಪದರ ತೆಗೆಯಿರಿ.

ಈಗ ಮತ್ತೆ ವರ್ನಿಯರ್ ಹಿಡಿಯಿರಿ. ಹಳೆಯ ಬುಷ್ ಕೂತ ಜಾಗದ ವ್ಯಾಸವನ್ನು ಪಕ್ಕದ ಸವೆಯದ ಜಾಗದ ಜೊತೆ ಹೋಲಿಸಿ. ಅರ್ಧ ಮಿ.ಮೀ.ಗಿಂತ ಹೆಚ್ಚು ಸವೆದು ಬಾರ್‌ನಲ್ಲೇ ಸೊಂಟ ಬಿದ್ದಿದ್ದರೆ ಹೊಸ ಬುಷ್ ಅಲ್ಲಿ ಬಿಗಿ ನಿಲ್ಲದು, ಬಾರ್ ಬದಲಿಸುವ ಮಾತೇ ಸರಿ. ಆ ಜಾಗಕ್ಕೆ ದಪ್ಪ ಬಣ್ಣ ಬಳಿದು ತುಂಬುವ ಉಪಾಯ ಮಾಡಬೇಡಿ. ಬಣ್ಣ ಬುಷ್ ಒಳಗೆ ಸಿಪ್ಪೆಯೆದ್ದು ಮರಳಿನಂತೆ ಕೆಲಸ ಮಾಡುತ್ತದೆ.

ಕೂರಿಸುವುದು

ಜಾರುವ ಬಗೆಯ ರಬ್ಬರ್ ಬುಷ್‌ಗೆ ತಯಾರಕರು ಬೇರೆ ಹೇಳದಿದ್ದರೆ ಸೋಪಿನ ನೀರು ಸಾಕು. ಕೂರಿಸುವಾಗ ಜಾರುತ್ತದೆ, ಒಣಗಿದ ಮೇಲೆ ಏನೂ ಉಳಿಯುವುದಿಲ್ಲ. ಚಕ್ರದ ಬೇರಿಂಗ್‌ಗೆ ಹಾಕುವ ಗ್ರೀಸ್ ಹಚ್ಚಿದರೆ ರಬ್ಬರ್ ಕೆಡುತ್ತದೆ, ಮರಳನ್ನೂ ಅಂಟಿಸಿಕೊಳ್ಳುತ್ತದೆ. ಪಾಲಿಯುರೆಥೇನ್ ಬುಷ್ ಆದರೆ ಅದರ ಜೊತೆ ಬಂದ ಸಿಲಿಕೋನ್ ಗ್ರೀಸ್ ಒಳ ರಂಧ್ರಕ್ಕೆ ತೆಳುವಾಗಿ.

ಸೀಳನ್ನು ಬಿಡಿಸಿ ಬುಷ್ ಬಾರ್ ಮೇಲೆ ಹಾಕಿ, ಪೇಂಟ್ ಗೆರೆಗೆ ಸರಿಸಿ, ಹಳೆಯದರಂತೆಯೇ ಸೀಳು ತಿರುಗಿಸಿ. ಸೀಳು ಒತ್ತಡ ಕಡಿಮೆ ಬೀಳುವ ಕಡೆಗೆ ಇರುವಂತೆ ತಯಾರಕರು ನಿಗದಿಪಡಿಸಿರುತ್ತಾರೆ. ತಪ್ಪು ದಿಕ್ಕಿಗೆ ಹಾಕಿದರೆ ಪ್ರತಿ ಗುಂಡಿಗೂ ಸೀಳು ಬಾಯಿ ತೆರೆದು ಒಳಗೆ ಕೆಸರು ಸೇರುತ್ತದೆ. ಬುಷ್‌ನ ಚಪ್ಪಟೆ ಮೈ ಚಾಸಿ ಅಥವಾ ಆಕ್ಸಲ್ ಕಡೆ, ದುಂಡು ಮೈ ಕ್ಲ್ಯಾಂಪ್ ಕಡೆ. ಬುಷ್ ಮೇಲೆ ಉಬ್ಬು ಗೆರೆ ಇದ್ದರೆ ಕ್ಲ್ಯಾಂಪಿನ ತಗ್ಗಿಗೆ ಸರಿಯಾಗಿ ಕೂರಬೇಕು.

ಕ್ಲ್ಯಾಂಪ್ ಇಟ್ಟಾಗ ಅದರ ಕಾಲು ಮತ್ತು ಚಾಸಿ ನಡುವೆ ಕೆಲವು ಮಿಲಿಮೀಟರ್ ಸಂದು ಉಳಿಯುತ್ತದೆ. ಅದು ಇರಲೇಬೇಕು, ಬೋಲ್ಟ್ ಬಿಗಿದಾಗ ಆ ಸಂದು ಮುಚ್ಚಿ ರಬ್ಬರ್ ಅದುಮುವುದರಿಂದಲೇ ಹಿಡಿತ ಬರುತ್ತದೆ. ಬೋಲ್ಟ್ ಇಲ್ಲದೆಯೇ ಕ್ಲ್ಯಾಂಪ್ ಚಾಸಿಗೆ ಪೂರ್ತಿ ಕೂತರೆ ಬುಷ್ ತಪ್ಪಾಗಿದೆ. ಬೆರಳು ಅಗಲದಷ್ಟು ಸಂದು ಉಳಿದರೂ ತಪ್ಪಾಗಿದೆ. ಬೋಲ್ಟ್ ಥ್ರೆಡ್ ತಲುಪದಿದ್ದರೆ ಓರೆಯಾಗಿ ತುರುಕಬೇಡಿ. ಒಬ್ಬರು ಕ್ಲ್ಯಾಂಪನ್ನು ಮರದ ತುಂಡಿನಿಂದ ಒತ್ತಿ ಹಿಡಿಯಲಿ, ಅಥವಾ ಚಿಕ್ಕ ಜ್ಯಾಕ್ ಮತ್ತು ಮರದ ತುಂಡಿನಿಂದ ಕ್ಲ್ಯಾಂಪ್ ಅಡಿಗೆ ಹಗುರ ಒತ್ತಡ ಕೊಡಿ. ಗಾಡಿ ಏಳುವಷ್ಟು ಅಲ್ಲ.

ನಾಲ್ಕೂ ಬೋಲ್ಟ್‌ಗಳನ್ನು ಕೈಯಿಂದ ಮೂರ್ನಾಲ್ಕು ಸುತ್ತು ಹಿಡಿಸಿ. ಒಂದು ಬದಿ ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಬಾರ್ ಓರೆಯಾಗಿ ಎರಡನೆಯ ತೂತು ಸರಿಯಾಗಿ ಎದುರಾಗುವುದಿಲ್ಲ. ಈಗ ಬಾರ್ ತುದಿಗಳ ಅಂತರ ಅಳೆದು ನಡುವಿಗೆ ತನ್ನಿ. ಬುಷ್ ಪಕ್ಕದಲ್ಲಿ ಬಾರ್ ಮೇಲೆ ತಡೆಯುವ ಉಂಗುರ ಇದ್ದರೆ ಬುಷ್ ಅದರ ಸರಿಯಾದ ಬದಿಯಲ್ಲಿರಲಿ. ಲಿಂಕ್‌ಗಳನ್ನು ಸೇರಿಸಿ ಹೊಸ ನಟ್ ಹಾಕಿ, ಆದರೆ ಸದ್ಯಕ್ಕೆ ಸಡಿಲ ಬಿಡಿ.

ಕೊನೆಯ ಬಿಗಿತ ಚಕ್ರಗಳ ಮೇಲೆ ಗಾಡಿಯ ಭಾರ ಬಂದ ಮೇಲೆ. ಅಂಟಿಕೊಂಡ ಬಗೆಯ ಬುಷ್‌ಗೆ ಮತ್ತು ರಬ್ಬರ್ ಬುಷ್ ಇರುವ ಲಿಂಕ್‌ಗೆ ಇದು ಕಡ್ಡಾಯ. ಚಕ್ರ ನೇತಾಡುವಾಗ ಬಿಗಿದರೆ ಗಾಡಿ ಇಳಿಸಿದಾಗ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಜಾರುವ ಬುಷ್‌ಗೆ ಅಷ್ಟು ಕಟ್ಟುನಿಟ್ಟಿಲ್ಲವಾದರೂ ಇದೇ ಒಳ್ಳೆಯದು.

ಟಾರ್ಕ್ ಎಷ್ಟು? ಆ ವ್ಯಾನಿನ ಸರ್ವಿಸ್ ಮ್ಯಾನುಯಲ್‌ನ ಅಂಕಿಯೇ ಅಂತಿಮ. ಅಂದಾಜಿಗೆ, 8.8 ದರ್ಜೆಯ ಬೋಲ್ಟ್‌ಗಳಿಗೆ ಎಂ8 (8 ಮಿ.ಮೀ. ಥ್ರೆಡ್) ಆದರೆ ಸುಮಾರು 25 ನ್ಯೂಟನ್ ಮೀಟರ್, ಎಂ10 ಸುಮಾರು 50, ಎಂ12 ಸುಮಾರು 85. ಮ್ಯಾನುಯಲ್‌ನಲ್ಲಿ ಓದಿದ ಅಂಕಿ ಇದಕ್ಕಿಂತ ತೀರಾ ದೂರವಿದ್ದರೆ ಬೇರೆ ಬೋಲ್ಟ್‌ನ ಸಾಲು ಓದಿದ್ದೀರೇನೋ ನೋಡಿ. ಥ್ರೆಡ್‌ಗೆ ಎಣ್ಣೆ ಹಚ್ಚಿ ಒಣ ಥ್ರೆಡ್‌ನ ಟಾರ್ಕ್ ಕೊಡಬಾರದು, ಬೋಲ್ಟ್ ಅಗತ್ಯಕ್ಕಿಂತ ಹೆಚ್ಚು ಎಳೆದುಕೊಳ್ಳುತ್ತದೆ. ಕ್ಲ್ಯಾಂಪಿನ ಎರಡು ಬೋಲ್ಟ್‌ಗಳನ್ನು ಸರದಿಯಲ್ಲಿ ಸ್ವಲ್ಪ ಸ್ವಲ್ಪ ಬಿಗಿಯುತ್ತ ಬನ್ನಿ. ಒಂದು ಕಾಲನ್ನು ಕೊಕ್ಕೆಯಂತೆ ಚಾಸಿಯ ತೂತಿಗೆ ಸಿಕ್ಕಿಸುವ ಕ್ಲ್ಯಾಂಪ್ ಆದರೆ ಕೊಕ್ಕೆ ಪೂರ್ತಿ ಒಳಗೆ ಹೋಗಿದೆಯೆಂದು ಕಣ್ಣಾರೆ ನೋಡಿಯೇ ಬೋಲ್ಟ್ ಹಿಡಿಯಿರಿ. ಅರ್ಧ ಸಿಕ್ಕ ಕೊಕ್ಕೆ ಟಾರ್ಕ್ ತೋರಿಸುತ್ತದೆ, ರಸ್ತೆಯಲ್ಲಿ ಕಳಚುತ್ತದೆ.

ಮುಗಿದ ಮೇಲೆ ಪ್ರತಿ ಬೋಲ್ಟ್ ತಲೆಯಿಂದ ಕ್ಲ್ಯಾಂಪ್‌ವರೆಗೆ ಪೇಂಟ್ ಪೆನ್ನಿನ ಒಂದು ಗೆರೆ. ಎಬಿಎಸ್ ವೈರ್, ಪಾರ್ಕಿಂಗ್ ಬ್ರೇಕ್ ವೈರ್‌ಗಳ ಹಿಡಿಕೆ, ಅಡಿಯ ಕವರ್ ವಾಪಸು ಹಾಕಿ. ಫೋಟೋ ಪಕ್ಕದಲ್ಲಿಟ್ಟು ಹೋಲಿಸಿ. ಚಕ್ರ ತೆಗೆದಿದ್ದರೆ ಅದರ ನಟ್‌ಗಳಿಗೂ ಟಾರ್ಕ್ ರೆಂಚ್.

ಓಡಿಸಿ ನೋಡುವುದು

ಅಂಗಳದಲ್ಲಿ ನಡಿಗೆಯ ವೇಗದಲ್ಲಿ ಎಡ ಚಕ್ರ, ಬಲ ಚಕ್ರ ಬೇರೆ ಬೇರೆಯಾಗಿ ಉಬ್ಬಿನ ಮೇಲೆ ಹಾಯಿಸಿ, ಕಿಟಕಿ ಇಳಿಸಿ ಕೇಳಿ. ನಂತರ ಗಾಡಿ ಅಡಿಗೆ ಬಗ್ಗಿ ಬಾರ್ ಯಾವುದಕ್ಕೂ ಉಜ್ಜುತ್ತಿಲ್ಲವೇ ನೋಡಿ: ಬ್ರೇಕ್ ಪೈಪ್, ಸ್ಪ್ರಿಂಗ್, ಕೂಲಂಟ್ ಮೆದುಗೊಳವೆ. ಈ ಕೆಲಸದಿಂದ ಚಕ್ರದ ಅಲೈನ್‌ಮೆಂಟ್ ಬದಲಾಗುವುದಿಲ್ಲ, ಸ್ವೇ ಬಾರ್ ಚಕ್ರದ ಕೋನ ಹಿಡಿಯುವ ಭಾಗವಲ್ಲ. ಎತ್ತರದ ಸೆನ್ಸರ್ ಬಿಚ್ಚಿದ್ದರೆ ಮಾತ್ರ ಅದರ ಹೊಂದಾಣಿಕೆ ಬೇಕಾಗಬಹುದು.

ಹೊಸ ಬುಷ್ ಮೊದಲ ಕೆಲವು ದಿನ ಸಣ್ಣಗೆ ಕಿರುಚಿದರೆ ಗಾಬರಿ ಬೇಡ, ಸೋಪು ಒಣಗಿ ರಬ್ಬರ್ ಕೂರುವವರೆಗೆ ಹಾಗಾಗುತ್ತದೆ. ಟಕ್ ಎಂಬ ಗಟ್ಟಿ ಸದ್ದು ಮಾತ್ರ ಮೊದಲ ದಿನವೂ ಬರಬಾರದು. ಬಂದರೆ ಲಿಂಕ್ ನಟ್ ಬಿಗಿದಿಲ್ಲ, ಇಲ್ಲವೇ ಲಿಂಕ್ ಬಾಲ್ ಸವೆದಿದೆ, ಅಥವಾ ಬುಷ್ ರಂಧ್ರ ದೊಡ್ಡದಾಗಿದೆ. ಈ ಕ್ರಮದಲ್ಲೇ ನೋಡಿ.

ಸುಮಾರು 100 ಕಿ.ಮೀ. ಓಡಿದ ಮೇಲೆ, ತುಂಬಿದ ಭಾರದಲ್ಲಿ ಒಂದೆರಡು ದಿನ ಕೆಲಸ ಮಾಡಿದ ಮೇಲೆ, ಪೇಂಟ್ ಗೆರೆಗಳನ್ನು ನೋಡಿ. ಗೆರೆ ಮುರಿಯದೆ ನೇರವಾಗಿದ್ದರೆ ಬೋಲ್ಟ್ ಮುಟ್ಟಬೇಡಿ. ಮುರಿದಿದ್ದರೆ ಒಮ್ಮೆ ಟಾರ್ಕ್ ಕೊಟ್ಟು ಹೊಸ ಗೆರೆ ಎಳೆಯಿರಿ. ಅದೇ ಬೋಲ್ಟ್ ಎರಡನೆಯ ಸಲ ಸರಿದರೆ ಮತ್ತೆ ಬಿಗಿಯುತ್ತ ಕೂರಬೇಡಿ: ಚಾಸಿಯ ಥ್ರೆಡ್ ಸೋತಿದೆ ಅಥವಾ ಕ್ಲ್ಯಾಂಪಿನ ಕಾಲು ಬಾಗಿದೆ, ಬಿಚ್ಚಿ ನೋಡಲೇಬೇಕು.